ಕ್ಯಾಮೆರಾದ ಕಣ್ಣಿಗೆ ಕುಂಕುಮ

2008ರ ಅಕ್ಟೋಬರ್ 10, ಶುಕ್ರವಾರ, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಸುಕನ್ಯಾ ಗುರುತಿಲ್ಲದ ಒಬ್ಬ ಗಂಡಸಿನ ಹಣೆ ಒಡೆದಳು.

ಕೈಯಲ್ಲಿದ್ದದ್ದು ಸ್ಪ್ಯಾನರ್. ಸಂಡೂರಿನ ಗುಡ್ಡದ ಕೊರಕಲಿನಲ್ಲಿ, ಕಮರದ ಮರಕ್ಕೆ ಅವಳು ಬಿಗಿದಿದ್ದ ನಾಲ್ಕನೇ ಕ್ಯಾಮೆರಾದ ಗಾಜಿಗೆ ಯಾರೋ ಮೂರು ಬೆರಳಿನ ವಿಭೂತಿ ಬಳಿದು ನಡುವೆ ದಪ್ಪಗೆ ಕುಂಕುಮ ಒತ್ತಿದ್ದರು. ಬುಡದಲ್ಲಿ ಹಿಚುಕಿದ ನಿಂಬೆಹಣ್ಣು. ಅವಳು ಬಂದಾಗ ಈ ಗಂಡಸು ಬಾಡಿದ ಹೂವು ತೆಗೆದು ಹೊಸ ಚೆಂಡುಹೂವು ಸಿಕ್ಕಿಸುತ್ತಿದ್ದ. ಮುಂದೆ ಪ್ರಾಣಿ ಸುಳಿದರೆ ಅದರ ಮೈಬಿಸಿಗೆ ಎಚ್ಚೆತ್ತು ತಾನೇ ಫೋಟೊ ತೆಗೆಯುವ ಪೆಟ್ಟಿಗೆ ಅದು. ಈಗ ಕುರುಡು.

"ಅವ್ವಾ!" ಅವನು ಕುಸಿದು ಕುಳಿತ. ಬೆರಳ ಸಂದಿಯಿಂದ ರಕ್ತ ಇಳಿಯಿತು. "ಯಾಕ್ರಿ ಹೊಡದ್ರಿ?"

"ಗಣಿಯವರು ಏನು ಕೊಟ್ರು ನಿಮಗ, ಇದರ ಕಣ್ಣು ಮುಚ್ಚಾಕ?"

"ಆಯುಧಪೂಜಿರೀ ಮೇಡಂ! ಡಂಪರ್‌ಗೆ ಇಟ್ವಿ, ಡ್ರಿಲ್ ಮಷಿನ್‌ಗೆ ಇಟ್ವಿ, ಚಾದ ಸ್ಟೋವಿಗೂ ಇಟ್ವಿ. ಇದೊಂದು ಪಾಪ ಬೋಳು ಹಣಿ ಇಟಗೊಂಡು ನಿಂತಿತ್ತು."

"ಅದು ಹಣಿ ಅಲ್ರಿ, ಕಣ್ಣು!"

ಅವನು ಪೆಟ್ಟಿಗೆಯನ್ನು ಇನ್ನೊಮ್ಮೆ ದಿಟ್ಟಿಸಿದ. "ಹೌದಾ? ಹಂಗಾರ ನಾ ಅದರ ಕಣ್ಣಿಗೆ ಇಟ್ಟೆ, ನೀವು ನನ್ನ ಹಣಿಗೆ ಇಟ್ರಿ. ಚುಕ್ತಾ ಆತು ಬಿಡ್ರಿ."

ನಗು ಗಂಟಲಿಗೆ ಬಂತು. ಅವಳು ಅದನ್ನು ನುಂಗಿ ಹತ್ತಿ, ಡೆಟಾಲ್ ತೆಗೆದಳು. ಗಾಯ ಒರೆಸುವಾಗ ಅವನ ರೆಪ್ಪೆಗಳು ಅದುರುತ್ತಿದ್ದವು. ಒಂದೊಂದು ಕೂದಲಿಗೂ ಅದಿರಿನ ಕೆಂಪು ಧೂಳು. ಅವನು ಕಣ್ಣು ಮುಚ್ಚಿಕೊಳ್ಳಲಿ ಎಂದು ಅವಳು ಕಾದಳು. ಅವನು ಮುಚ್ಚಲಿಲ್ಲ.

ಹೆಸರು ರಾಯಣ್ಣ. ವಡ್ಡು ಗ್ರಾಮದವನು, ಮೈನಿಂಗ್ ಡಿಪ್ಲೊಮಾ ಮಾಡಿ ಮೇಲಿನ ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದ. ದಿನವೂ ಮಧ್ಯಾಹ್ನ ಗುಡ್ಡ ಸಿಡಿಯುತ್ತಿದ್ದದ್ದು ಅವನ ಕೈಯಿಂದ. ಸುಕನ್ಯಾ ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಇಂಥ ಕ್ಯಾಮೆರಾಗಳು ಗಣಿ ಸೀಮೆಯಲ್ಲಿ ಎಷ್ಟು ಕಾಲ ಬಾಳುತ್ತವೆ, ಎಷ್ಟು ನಂಬಬಹುದು ಎಂದು ಪರೀಕ್ಷಿಸುವುದು ಅವಳ ಕೆಲಸ. ಆದರೆ ಕೊರಕಲಿನಾಚೆಯ ಗವಿ ಕಂಡ ಮೇಲೆ ಅವಳ ಚಿಂತೆ ಒಂದೇ ಆಗಿತ್ತು. ಅಲ್ಲಿಗೆ ಹೆಣ್ಣು ಕರಡಿಯೊಂದು ಬಂದು ಹೋಗುತ್ತಿತ್ತು. ಗವಿಯಿದ್ದ ಆ ಏಣನ್ನು, ಗುಡ್ಡದ ಚೂಪು ಅಂಚನ್ನು, ಮಾರ್ಚ್‌ನಲ್ಲಿ ಸಿಡಿಸಲು ಗಣಿ ತಯಾರಾಗುತ್ತಿತ್ತು.

"ಮರಿ ಸಮೇತ, ತಾರೀಖು ಸಮೇತ ಫೋಟೊ ತರ್ರಿ, ನಿಲ್ಲಸ್ತೀನಿ," ಎಂದಿದ್ದರು ಅರಣ್ಯಾಧಿಕಾರಿ. "ಅಲ್ಲೀತನಕ ನಿಮ್ಮ ಕರಡಿ ಬರೇ ಬಾಯಿಮಾತು."

ಕ್ಯಾಮೆರಾ ಐದು ವರ್ಷ ಬಾಳುತ್ತದೆ ಎಂದು ಕಂಪನಿಯ ಪುಸ್ತಿಕೆ ಹೇಳಿತ್ತು. ಗುಡ್ಡ ಆ ಪುಸ್ತಿಕೆ ಓದಿರಲಿಲ್ಲ. ಒಂದನೆಯದರ ರಬ್ಬರಿನ ಅಂಚಿನಲ್ಲಿ ಧೂಳು ಹೊಕ್ಕು, ಹಿಂದೆಯೇ ನೀರು ಹೊಕ್ಕಿತು. ಎರಡನೆಯದರೊಳಗೆ ಇರುವೆಗಳು ಗೂಡು ಕಟ್ಟಿದವು. ಸಿಡಿದು ಬಂದ ಕಲ್ಲು ಮೂರನೆಯದನ್ನು ಸೀಳಿತು. ಐದನೆಯದನ್ನು ಕರಡಿ ಅಗಿದು ಉಗುಳಿತ್ತು. ಆರನೆಯದರ ಬ್ಯಾಟರಿ ಬಿಸಿಲಿಗೆ ಸೋರಿ ತಂತಿಗಳನ್ನು ತಿಂದುಹಾಕಿತು.

ನಾಲ್ಕನೆಯದು ಬದುಕಿತ್ತು, ಆದರೆ ಸುಳ್ಳು ಹೇಳುತ್ತಿತ್ತು. ಪ್ರತಿ ಬ್ಲಾಸ್ಟಿಗೂ ಬ್ಯಾಟರಿ ಕ್ಷಣಹೊತ್ತು ಜಿಗಿದು ಗಡಿಯಾರ 2005ರ ಜನವರಿ 1ಕ್ಕೆ ಹಿಂತಿರುಗುತ್ತಿತ್ತು. ಡಿಸೆಂಬರಿನಲ್ಲಿ ಬಸುರಿ ಕರಡಿ ಗವಿ ಹೊಕ್ಕ ಚಿತ್ರ ಸಿಕ್ಕಿತು. ತಾರೀಖು ನೋಡಿ ಅಧಿಕಾರಿ ನಕ್ಕು ಹಿಂತಿರುಗಿಸಿದರು.

ಅವಳು ನೇರವಾಗಿ ಗಣಿಯ ಗೇಟಿಗೆ ನಡೆದಳು. "ನೀವು ಒಮ್ಮೆ ಗುಂಡಿ ಒತ್ತಿದ್ರ ನನ್ನ ಗಡಿಯಾರ ಒಮ್ಮೆ ಸಾಯ್ತೈತಿ, ರಾಯಣ್ಣ."

ಅವನ ಹುಬ್ಬಿನ ಮೇಲೆ ಅವಳು ಮಾಡಿದ ಗಾಯ ಬಿಳಿ ಗೆರೆಯಾಗಿ ನಿಂತಿತ್ತು. "ಕೊಲ್ಲಾವ ನಾನ ಅಂದ್ಮ್ಯಾಲ ಎಬ್ಬಸಾವನೂ ನಾನ. ಡ್ಯೂಟಿ ಮುಗಿಸಿ ಇಳದು ಬಂದು ದಿನಾ ತಾರೀಖು ಸರಿ ಮಾಡ್ತೀನಿ. ಕಲಿಸಿಕೊಡ್ರಿ."

ಕಲಿಸಿದಳು. ಪುಟ್ಟ ಗುಂಡಿಗಳ ಮೇಲೆ ಇಬ್ಬರ ಬೆರಳು ಒಂದಕ್ಕೊಂದು ಅಡ್ಡ ಬಂದವು. ಯಾರೂ ಕ್ಷಮೆ ಕೇಳಲಿಲ್ಲ.

ಗಡಿಯಾರ ಹೊಂದಿಸಿದ ಮೇಲೆ ಎದುರಿಗೆ ನಿಂತು ಪರೀಕ್ಷಿಸಬೇಕು. ಹಾಗಾಗಿ ವಾರಕ್ಕೊಮ್ಮೆ ಅವಳು ಕ್ಯಾಮೆರಾದ ಮೆಮೊರಿ ಕಾರ್ಡ್ ತೆರೆದಾಗ ಪ್ರತಿ ದಿನದ ಮೊದಲ ಚಿತ್ರ ರಾಯಣ್ಣನ ಮುಖ. ಮೊದಲು ಗಂಭೀರ. ಆಮೇಲೆ ಬಾಯ್ತುಂಬ ಶೇಂಗಾ. ಆಮೇಲೆ ನೀರು ಹಚ್ಚಿ ಬಾಚಿದ ಕ್ರಾಪು. ಪ್ರಾಣಿಯಿಲ್ಲದ ಚಿತ್ರಗಳನ್ನು ಅಳಿಸುವುದು ಪರೀಕ್ಷೆಯ ನಿಯಮ. ಅವಳ ಬೆರಳು ಅಳಿಸುವ ಕೀಲಿಯ ಮೇಲೆ ಬಂದು, ನಿಂತು, ಸರಿದುಹೋಗುತ್ತಿತ್ತು.

"ಕ್ಯಾಮೆರಾ ಜೀವಂತ ಐತೇನಂತ ನೋಡಾಕ ತಲಿ ಬಾಚ್ಕೊಂಡು ಬರ್ಬೇಕೇನ್ರಿ?"

"ಯಾರರ ನೋಡ್ತಾರಂತ ಗೊತ್ತಿದ್ರ ಬಾಚ್ಬೇಕಾಗ್ತೈತ್ರಿ."

"ನಾ ನೋಡೂದು ಕರಡೀನ."

"ಕರಡಿ ಬಾಚೂದಿಲ್ಲ. ಅದಕ್ಕಿಂತ ನಾ ಭಾಳ ಚಂದ ಅದೀನಿ."

"ಅದರ ವರದಿ ಇನ್ನೂ ಬರ್ದಿಲ್ಲ," ಎಂದು ಅವಳು ಮುಖ ತಿರುಗಿಸಿದಳು. ಕಿವಿಯವರೆಗೂ ಕೆಂಪಾಗಿದ್ದು ಧೂಳಿನಿಂದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಫೆಬ್ರವರಿ 20ರ ಬೆಳಿಗ್ಗೆ ಅವಳು ಕೊರಕಲು ಹತ್ತಿದಾಗ ಕಮರದ ತೊಗಟೆಯ ಮೇಲೆ ಇರುವೆ ಸಾಲುಗಟ್ಟಿದ್ದವು. ಒಣಗಿದ ರಕ್ತ. ಕ್ಯಾಮೆರಾ ಬದಿ ನಜ್ಜಾಗಿ ಒಂದೇ ಪಟ್ಟಿಯಲ್ಲಿ ನೇತಾಡುತ್ತಿತ್ತು. ಅವಳು ಅಲ್ಲೇ ಕುಳಿತು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಳು.

ಹಿಂದಿನ ಸಂಜೆ, 5:48. ಬಾಚಿದ ಕ್ರಾಪಿನ ರಾಯಣ್ಣ.

ಮುಂದಿನ ಚಿತ್ರದಲ್ಲಿ ಅವನ ಬೆನ್ನ ಹಿಂದೆ ಮೂವರು. ನಡುವಿನವನು ಗಣಿಯ ಸೂಪರ್‌ವೈಸರ್ ಉಚ್ಚೆಂಗಪ್ಪ, ಕೈಯಲ್ಲಿ ಡ್ರಿಲ್ ರಾಡು. ತಮ್ಮ ಬ್ಲಾಸ್ಟರನೇ ಈ ಪೆಟ್ಟಿಗೆ ಕಾಯುತ್ತಿದ್ದಾನೆಂದು ಅವರಿಗೆ ಗೊತ್ತಾಗಿತ್ತು. ರಾಯಣ್ಣ ತಿರುಗಿ ಮರವನ್ನು ಪೆಟ್ಟಿಗೆ ಸಮೇತ ತಬ್ಬಿಕೊಂಡ. ಆಮೇಲಿನ ಚಿತ್ರಗಳು ಕಪ್ಪು. ಅವನ ಎದೆ ಗಾಜನ್ನು ಮುಚ್ಚಿತ್ತು. ಕಪ್ಪು, ಕಪ್ಪು. ಪ್ರತಿ ಕಪ್ಪು ಚಿತ್ರವೂ ಒಂದು ಅಲುಗಾಟ, ಪ್ರತಿ ಅಲುಗಾಟವೂ ಒಂದು ಏಟು ಎಂದು ಅವಳಿಗೆ ಅರ್ಥವಾಗುತ್ತ ಹೋಯಿತು.

5:53ಕ್ಕೆ ಬೆಳಕು. ಅವನು ಜಾರಿ ಬಿದ್ದಿದ್ದ. ಚಿತ್ರದ ಅಂಚಿನಲ್ಲಿ ಅವನ ಬಲಗೈ ಬಂಡೆಯ ಮೇಲಿತ್ತು. ಉಚ್ಚೆಂಗಪ್ಪ ಅದರ ಮೇಲೆ ರಾಡು ಎತ್ತಿದ್ದ. ಮುಂದಿನ ಚಿತ್ರದಲ್ಲಿ ಅದು ಕೈಯಂತೆ ಕಾಣುತ್ತಿರಲಿಲ್ಲ.

5:54ಕ್ಕೆ ಕರಡಿ. ಗವಿಯ ಎದುರೇ ನಡೆದ ಗದ್ದಲಕ್ಕೆ ಸಿಡಿದೆದ್ದು ಬಂದಿತ್ತು. ಒಂದು ಚಿತ್ರದಲ್ಲಿ ಎರಡು ಕಾಲ ಮೇಲೆ ನಿಂತಿತ್ತು, ಇನ್ನೊಂದರಲ್ಲಿ ಉಚ್ಚೆಂಗಪ್ಪನ ಮೇಲೆ ಬಿದ್ದಿತ್ತು. ಅವನ ಕೆನ್ನೆಯ ತೊಗಲು ಕಿವಿಯ ತನಕ ಬಿಚ್ಚಿಕೊಂಡಿತ್ತು. ಉಳಿದಿಬ್ಬರು ಕಲ್ಲು ಬೀರಿ, ಅವನನ್ನು ಎಳೆದುಕೊಂಡು ಓಡುತ್ತಿದ್ದರು.

ಕೊನೆಯ ಚಿತ್ರ 5:57ರದು. ತಾಯಿಕರಡಿ ಚಿತ್ರದ ನಡುವೆ ಹಾದುಹೋಗುತ್ತಿತ್ತು. ಮತ್ತೆ ಗವಿ ಹೊಕ್ಕು ಬಂದಿರಬೇಕು, ಬೆನ್ನಿನ ಜೂಲು ಹಿಡಿದು ಎರಡು ಮರಿಗಳು ಕುಳಿತಿದ್ದವು. ಅಂಚಿನಲ್ಲಿ ತಾರೀಖು: 19-02-2009. ಕೆಳ ಮೂಲೆಯಲ್ಲಿ ರಾಯಣ್ಣನ ತಲೆ, ಅಲುಗದೆ.

ಅವಳು ಬಯಸಿದ್ದ ಚಿತ್ರ ಅದೇ. ಅವಳು ಅದನ್ನು ಎರಡನೇ ಸಲ ನೋಡಲಿಲ್ಲ. ಮುಳ್ಳಿಗೆ ಮೈ ಕೊಟ್ಟು ಓಡಿ ಇಳಿದಳು.

ಗೇಟಿನಲ್ಲಿ ಚಾ ಕಾಸುವ ತಾಯಕ್ಕ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. "ಜೀವಂತ ಅದಾನ ತಂಗಿ, ಉಸರು ತಗೋ. ಡ್ರಿಲ್ಲಿನ ಹುಡುಗ್ರು ರಾತ್ರಿ ಹೊಸಪೇಟಿ ದವಾಖಾನಿಗೆ ಒಯ್ದಾರ."

ನಾಲ್ಕನೇ ಕ್ಯಾಮೆರಾ ಮತ್ತೆ ಚಿತ್ರ ತೆಗೆಯಲಿಲ್ಲ. ತೆಗೆದಷ್ಟು ಸಾಕಾಯಿತು. ಆ ಏಣನ್ನು ಸಿಡಿಸುವ ಕೆಲಸ ನಿಂತಿತು. ಗವಿಯ ಸುತ್ತ ಕಲ್ಲುಕಂಬ ನೆಟ್ಟರು. ಒಂದು ಕಣ್ಣು ಕಳೆದುಕೊಂಡ ಉಚ್ಚೆಂಗಪ್ಪನನ್ನು ಪೊಲೀಸರು ಆಸ್ಪತ್ರೆಯ ಮಂಚದಲ್ಲೇ ಹಿಡಿದರು.

ಏಪ್ರಿಲ್‌ನಲ್ಲಿ ರಾಯಣ್ಣನ ಕೈಯ ಪ್ಲಾಸ್ಟರ್ ಬಿಚ್ಚಿದರು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಅವನು ಆ ಕೈಯನ್ನು ಟವೆಲಿನಡಿ ಮುಚ್ಚಿಕೊಂಡು ಕುಳಿತಿದ್ದ.

"ನಿನ್ನೆ ಕಂಪ್ಲಿಗೆ ಹೋಗಿದ್ದೆ," ಎಂದಳು ಸುಕನ್ಯಾ. "ಅಪ್ಪಗ ನಿಮ್ಮ ವಿಷಯ ಹೇಳಿದೆ."

"ಏನಂದ್ರು?"

"ಉಣ್ಣಾಕತ್ತಿದ್ರು. ತಾಟು ಎತ್ತಿ ನನ್ನ ಕಡೆ ಒಗದ್ರು. ಗ್ವಾಡಿಗೆ ಬಡೀತು."

"ಮುಂದ?"

"ಮುಂದೇನು, ಅವ್ವ ಇನ್ನೊಂದು ತಾಟು ಇಟ್ಲು. ನಾ ಉಂಡು ಬಂದೆ. ನಿಮ್ಮನ್ನ ಬಿಟ್ಟು ಇನ್ಯಾರನ್ನೂ ಆಗೂದಿಲ್ಲಂತ ಹೇಳೇ ಉಂಡೆ."

ಅವನು ಟವೆಲನ್ನು ಕೈಯ ಮೇಲೆ ಇನ್ನಷ್ಟು ಎಳೆದುಕೊಂಡ. "ನನಗೂ ಬ್ಯಾರೆ ಯಾರೂ ಬ್ಯಾಡ, ಸುಕನ್ಯಾ. ಆದ್ರ ಈ ಕೈಲೆ ತಾಳಿ ಕಟ್ಟಾಕ ಆಗೂದಿಲ್ಲ. ಮೂರು ಬೆರಳಿಗೆ ಕಸುವಿಲ್ಲ. ಮಂದಿ ಮುಂದ ಗಂಟು ಬಿಚ್ಚಿ ಬಿದ್ರ?"

ಅವಳು ಚೀಲದಿಂದ ಸ್ಪ್ರಿಂಗ್ ತಕ್ಕಡಿ ತೆಗೆದಳು. ಸಣ್ಣ ಪ್ರಾಣಿಗಳನ್ನು ತೂಗುವ, ಕೊಕ್ಕೆಯಿರುವ ತಕ್ಕಡಿ. "ಅರಿಷಿಣ ದಾರದ ಗಂಟು ಬಿಗಿಯಾಕ ಎಷ್ಟು ಜಗ್ಗಬೇಕಂತ ನೋಡಿಕೊಂಡು ಬಂದೀನಿ. ಅರ್ಧ ಕೆಜಿ ಸಾಕು. ಹಿಡೀರಿ."

"ನೀವು ಹುಚ್ಚರು."

"ಮಾತು ಬ್ಯಾಡ. ಜಗ್ರಿ."

ಟವೆಲು ಜಾರಿತು. ಸೊಟ್ಟ ಬೆರಳುಗಳು ಕೊಕ್ಕೆಯನ್ನು ಸುತ್ತಿದವು. ಅವನ ಹಣೆಯಲ್ಲಿ ಬೆವರು ಒಡೆಯಿತು, ದವಡೆ ಬಿಗಿಯಿತು. ಇನ್ನೊಂದು ತುದಿಯನ್ನು ಅವಳು ಎರಡೂ ಕೈಯಿಂದ ಹಿಡಿದಿದ್ದಳು. ಮುಳ್ಳು ನಡುಗುತ್ತ ಇಳಿದು ನಿಂತಿತು. ಇಬ್ಬರೂ ಬಗ್ಗಿ, ಹಣೆಗೆ ಹಣೆ ತಾಗಿಸಿಕೊಂಡು, ಓದಿದರು.

820 ಗ್ರಾಂ.