ಲ್ಯಾಮಿನೇಷನ್ ಮಾಡಿಸಬಾರದಿತ್ತು

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮಗಳೊಂದಿಗೆ ಶ್ರೀರಂಗಪಟ್ಟಣ ಠಾಣೆಗೆ ಬಂದ ತೊಣ್ಣೂರಿನ ಚಿಕ್ಕಸ್ವಾಮಿಯ ಹಣೆಯಲ್ಲಿ ಗಂಜಾಂ ನಿಮಿಷಾಂಬ ಗುಡಿಯ ಕುಂಕುಮ ಇನ್ನೂ ಹಸಿಯಾಗಿತ್ತು. ಗುಡಿಯ ಮುಂದೆ ಸ್ಕೂಟರು ಕಳುವಾಗಿತ್ತು.

“ಸ್ಕೂಟ್ರು ಓದ್ರೆ ಓಗ್ಲಿ ಮೇಡಂ. ಡಿಕ್ಕೀಲಿ ಮಗಳ ಮಾರ್ಕ್ಸ್ ಕಾರ್ಡ್ ಅವೆ.”

ಮಗಳು ತನುಶ್ರೀಗೆ ಬಿ.ಟೆಕ್, ಎಂ.ಟೆಕ್ ಎರಡೂ ಸೇರಿದ ಐದು ವರ್ಷದ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಮಾರನೇ ದಿನವೇ ದಾಖಲೆ ಪರಿಶೀಲನೆ. ಅಂಕಪಟ್ಟಿಗಳಿಗೆ ಪೂಜೆ ಮಾಡಿಸಿ, ಡಿಕ್ಕಿಗೆ ಹಾಕಿ, ಕೀಲಿಯನ್ನು ಅಲ್ಲೇ ಬಿಟ್ಟು ಅಪ್ಪ ಮಗಳು ಹೊಳೆಗಿಳಿದಿದ್ದರು. ದೇವಿಗೆ ಕಾವಲಿನ ಕೆಲಸವನ್ನೂ ವಹಿಸಿದಂತಾಗಿತ್ತು.

“ಜೆರಾಕ್ಸ್ ನಡೆಯಲ್ವಾ?” ಇನ್ಸ್‌ಪೆಕ್ಟರ್ ಪ್ರಮೀಳಾ ಕೇಳಿದರು.

“ಇಲ್ಲ ಮೇಡಂ. ಪಿಯುಸಿದು ಒರಿಜಿನಲ್ಲೇ ಬೇಕು, ಮ್ಯಾತ್ಸು ಫಿಸಿಕ್ಸು ಅಂಕ ನೋಡ್ತಾರೆ. ಲ್ಯಾಮಿನೇಷನ್ ಮಾಡಿಸಿದ್ರೂ ತಗಳಲ್ಲ. ಡೂಪ್ಲಿಕೇಟ್ ಕೊಡ್ತಾರೆ, ಆದ್ರೆ ತಿಂಗಳು ಹಿಡೀತದೆ.” ತನುಶ್ರೀ ಅತ್ತೇಬಿಟ್ಟಳು.

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಬೋರಯ್ಯ ಗುಡಿಯ ಕ್ಯಾಮೆರಾ ನೋಡಿಬಂದರು. ಹಳದಿ ಅಂಗಿಯವನೊಬ್ಬ ಪಾಂಡವಪುರದ ಕಡೆ ಹೋಗಿದ್ದ. ಅಲ್ಲಿನ ಅಂಗಡಿಯವರ ವಾಟ್ಸಾಪ್ ಗುಂಪಿಗೆ ಹುಡುಗಿಯ ಹೆಸರು ಸಮೇತ ಸುದ್ದಿ ಹೋಯಿತು.

ಮೂರು ಗಂಟೆಗೆ ಪಾಂಡವಪುರದ ಜೆರಾಕ್ಸ್ ಅಂಗಡಿಯ ಅಶೋಕ ಫೋನು ಮಾಡಿದ. ಅಂಗಡಿಯ ಹಿಂದೆ ನಿಂತು ಪಿಸುಗುಡುತ್ತಿದ್ದ.

“ತನುಶ್ರೀ ಮಾರ್ಕ್ಸ್ ಕಾರ್ಡು ಲ್ಯಾಮಿನೇಷನ್ನಿಗೆ ಬಂದವೆ, ಸಾ.”

“ಲೇ, ಮಿಷನ್ನಿಗೆ ಆಕ್ಬೇಡ ಕಣ್ಲಾ!” ಬೋರಯ್ಯ ಎದ್ದೇ ನಿಂತರು.

“ಎಸ್ಸೆಸ್ಸೆಲ್ಸಿದು ಆಕ್ಬುಟ್ಟೆ. ಪಿಯುಸಿದು ಇನ್ನೂ ಕೈಲೇ ಐತೆ.”

“ಕರೆಂಟು ಓಗೈತೆ ಅಂತೇಳಿ ಕೂರಿಸ್ಕೊ.”

ಹೀಗೆ ಸಿಕ್ಕಿಬಿದ್ದವನು ನಾಗಮಂಗಲ ಕಡೆಯ ಚಲುವರಾಜು. ಸ್ಕೂಟರು ಅಂಗಡಿ ಮುಂದೆಯೇ ಇತ್ತು. ಪಂಚನಾಮೆ ಮುಗಿಸಿ ಎಲ್ಲವನ್ನೂ ಠಾಣೆಗೆ ತಂದರು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹುಟ್ಟಿದ ದಿನಾಂಕಕ್ಕಷ್ಟೇ, ಜನನ ಪ್ರಮಾಣಪತ್ರ ತಂದರೂ ಆಗುತ್ತದೆ ಎಂದರು ಫೋನಿನಲ್ಲಿ ಕಾಲೇಜಿನವರು. ಪ್ರಮೀಳಾ ಸಹಿ ಹಾಕಿಸಿಕೊಂಡು ಪಿಯುಸಿ ಅಂಕಪಟ್ಟಿ ಕೊಟ್ಟರು. ತನುಶ್ರೀ ಅದನ್ನು ಎದೆಗವಚಿಕೊಂಡಳು. ಠಾಣೆಯಲ್ಲಿದ್ದವರಿಗೆಲ್ಲ ಖುಷಿಯಾಗಿ, ಬೋರಯ್ಯ ಕಾಫಿ ತರಿಸಿದರು.

“ಕದ್ದವನು ಲ್ಯಾಮಿನೇಷನ್ ಯಾಕೋ ಮಾಡಿಸ್ದೆ?” ಪ್ರಮೀಳಾ ಚಲುವರಾಜುವನ್ನು ಕೇಳಿದರು.

“ಸ್ಕೂಟ್ರು ಮಾರಾನ ಅಂತಿದ್ದೆ. ಇವು ಆಳಾಗ್ಬಾರ್ದು ಅಂತ ಕವರ್ ಆಕ್ಸಿ ಗುಡಿ ಬಾಗ್ಲಲ್ಲಿ ಇಟ್ಬುಡಾನ ಅಂತ...” ಅವನು ತಲೆತಗ್ಗಿಸಿದ. “ನಂದು ಗೆದ್ಲು ತಿಂದ್ಬುಡ್ತು ಮೇಡಂ. ಐಟಿಐ ಸೇರಕ್ಕೆ ಓದ್ರೆ, ಮಾರ್ಕ್ಸ್ ಕಾರ್ಡ್ ಇಲ್ದೆ ಆಗಲ್ಲ ಅಂದ್ಬುಟ್ರು. ಆವತ್ತಿಂದ ಇಂಗೇ ಅಲೀತಿವ್ನಿ.”

ಬಾಗಿಲು ದಾಟುತ್ತಿದ್ದ ತನುಶ್ರೀ ತಿರುಗಿ ನಿಂತಳು. “ಡೂಪ್ಲಿಕೇಟಿಗೆ ಅರ್ಜಿ ಹಾಕ್ಲಿಲ್ವಾ ಅಣ್ಣ?”

ಚಲುವರಾಜು ಮೊದಲ ಸಲ ತಲೆಯೆತ್ತಿದ.

“ಅಂಗೂ ಕೊಡ್ತಾರಾ?”