ಅಪ್ಪನ ಫೋಟೋಗೊಂದು ಲೆನ್ಸ್

"ಆ ಲೆನ್ಸ್ ನಿಮಗೆ ಕೊಡಲ್ಲ!"

ಕಪಾಟಿನ ಝೂಮ್ ಲೆನ್ಸಿನತ್ತ ಚಾಚಿದ್ದ ಅವಳ ಕೈ ಅಲ್ಲೇ ನಿಂತಿತು. ಹಳೆಯ ಕ್ಯಾಮೆರಾ, ಲೆನ್ಸ್ ಮಾರುವ ಸಣ್ಣ ಅಂಗಡಿ ಅದು. ಕೊಳ್ಳಲು ಬಂದವರನ್ನೇ ಗದರಿಸುವ ವ್ಯಾಪಾರಿಯನ್ನು ಈ ಸ್ಕೂಲ್ ಟೀಚರ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಯಾಕ್ರೀ? ನನ್ನತ್ರ ಅಷ್ಟು ದುಡ್ಡಿರಲ್ಲ ಅಂದ್ಕೊಂಡ್ರಾ?"

"ಅದಲ್ಲ. ಯಾರ ಫೋಟೋ ತೆಗೀತೀರಿ, ಎಲ್ಲಿ ತೆಗೀತೀರಿ? ಮೊದ್ಲು ಅದು ಹೇಳಿ."

ಅವಳು ಚಾಚಿದ ಕೈಯನ್ನು ಹಿಂದೆಗೆದಳು. "ನಮ್ಮಪ್ಪಂದು... ಹಾಸಿಗೆ ಹಿಡಿದಿದಾರೆ. ಡಾಕ್ಟ್ರು ಒಂದು ತಿಂಗಳು ಅಂದಿದಾರೆ. ನಗೋ ಫೋಟೋ ಒಂದೂ ಇಲ್ಲ. ಕ್ಯಾಮೆರಾ ಹತ್ರ ಬಂದ್ರೆ ಮುಖ ಬಿಗಿ ಹಿಡೀತಾರೆ. ಬಾಗಿಲಲ್ಲೇ ನಿಂತು ಝೂಮ್ ಮಾಡೋಣ ಅಂತ..."

"ರೂಮಲ್ಲಿ ಬೆಳಕು?"

"ಒಂದೇ ಕಿಟಕಿ. ಬೆಳಕು ಕಣ್ಣಿಗೆ ಚುಚ್ಚುತ್ತೆ ಅಂತ ಅದಕ್ಕೂ ಪರದೆ."

ಅವನು ಅಂಗೈಯಗಲದ ಪುಟ್ಟ ಲೆನ್ಸೊಂದನ್ನು ತಂದಿಟ್ಟ.

"ಇದು ಐವತ್ತು ಎಂಎಂ, ನಾವು ಐವತ್ತರ ಲೆನ್ಸು ಅಂತೀವಿ. ಝೂಮ್ ಇಲ್ಲ, ಪ್ಲಾಸ್ಟಿಕ್ ಮೈ. ಅಗ್ಗದ ಝೂಮ್‌ಗೆ ಆ ರೂಮಿನ ಬೆಳಕು ಸಾಲಲ್ಲ, ಇದಕ್ಕೆ ಸಾಕು. ಬೆಳಕು ಒಳಗೆ ಬಿಡೋ ನಂಬರ್ 1.8ರಲ್ಲೇ ಇಡಿ. ಮುಖ ದೊಡ್ಡದಾಗಿ ಬೇಕಂದ್ರೆ ನೀವೇ ಹತ್ರ ಹೋಗಿ."

"ಹತ್ರ ಹೋದ್ರೆ ಬಿಗಿ ಹಿಡೀತಾರೆ ಅಂದ್ನಲ್ಲ!"

"ದಿನಾ ಹೋಗಿ ಪಕ್ಕದಲ್ಲೇ ಕೂತ್ಕೊಳ್ಳಿ. ಕ್ಯಾಮೆರಾ ಇರೋದೇ ಮರೀತಾರೆ."

ಅವಳು ದಿನವೂ ಕುಳಿತಳು. ನಲವತ್ತು ವರ್ಷ ಟೈಲರ್ ಆಗಿದ್ದ ಅಪ್ಪ, ಊರವರ ಹೊಟ್ಟೆಯ ಅಳತೆಯನ್ನೆಲ್ಲ ನೆನಪು ಮಾಡಿಕೊಂಡು ಮಗಳಿಗೆ ಹೇಳುತ್ತಿದ್ದ. ಪ್ರತಿ ಶನಿವಾರ ಅವಳು ತೆಗೆದ ಫೋಟೋಗಳನ್ನು ತೋರಿಸಲು ಅಂಗಡಿಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆಂದೇ ಒಂದು ಸ್ಟೂಲ್ ಬಂದು ಕೂತಿತ್ತು.

'ಈ ಮನುಷ್ಯ ಶನಿವಾರ ಮಾತ್ರ ಗಡ್ಡ ಬೋಳಿಸ್ತಾನಾ?' ಎಂದುಕೊಂಡು ಒಳಗೊಳಗೇ ನಕ್ಕಳು.

ಅಪ್ಪನಿಗೂ ವಾಸನೆ ಬಡಿಯಿತು. "ಏನಂತಾನೆ ಪುಟ್ಟಿ, ನಿನ್ನ ಐವತ್ತರ ಲೆನ್ಸು?"

"ಸುಮ್ನಿರಪ್ಪಾ!"

ಒಂದು ಮಧ್ಯಾಹ್ನ ಅಪ್ಪ ಅವಳ ಕತ್ತಿನತ್ತ ಕೈ ಚಾಚಿದ. "ಕಾಲರ್ ಮಡಚಿದೆ ನೋಡೇ. ಟೈಲರ್ ಮಗಳು ಅಂತ ಹೇಳ್ಕೋಬೇಡ!" ಎಂದು ಬಾಯ್ತುಂಬ ನಕ್ಕ. ಅವಳು ಅಷ್ಟು ಹತ್ತಿರದಿಂದಲೇ ಕ್ಲಿಕ್ ಮಾಡಿದಳು.

ಮೂರನೇ ದಿನ ಅಪ್ಪ ಹೋದ.

ದೊಡ್ಡದು ಮಾಡಿಸಿದ ಫೋಟೋ ಬಂದಾಗ ಅವಳ ಎದೆ ಒಡೆಯಿತು. ಮುಂದೆ ಚಾಚಿದ ಬೆರಳಿನ ಮೇಲಿನ ಸೂಜಿ ಚುಚ್ಚಿದ ಗುರುತುಗಳೂ ಸ್ಪಷ್ಟವಾಗಿದ್ದವು. ಹಿಂದೆ, ನಗುತ್ತಿದ್ದ ಅಪ್ಪನ ಮುಖ ಪೂರ್ತಿ ಮಸುಕು! ಅವನು ನಕ್ಕಿದ್ದ ಫೋಟೋ ಅದೊಂದೇ...

ಮದುವೆ ಫೋಟೋ ತೆಗೆಯುವ ಚಿಕ್ಕಪ್ಪನ ಮಗ ಲೆನ್ಸ್ ನೋಡಿ ಮೂಗು ಮುರಿದ. "ಯಾರೂ ಕೊಳ್ಳದ ಮಾಲನ್ನ ನಿನ್ನ ತಲೆಗೆ ಕಟ್ಟಿದಾನೆ ಕಣೇ."

ಅವಳು ನೇರ ಅಂಗಡಿಗೆ ಹೋಗಿ ಲೆನ್ಸನ್ನೂ ಫೋಟೋವನ್ನೂ ಅವನ ಮುಂದಿಟ್ಟಳು.

"ನಿಮ್ಮನ್ನ ನಂಬಿದ್ದೆ... ನೋಡಿ, ನಮ್ಮಪ್ಪನ ಮುಖ ಎಲ್ಲಿದೆ?"

ಅವನು ಫೋಟೋ ನೋಡಿದ. ಮುಖ ಬಿಳಿಚಿಕೊಂಡಿತು. "ತಪ್ಪು ನಂದೇ," ಎಂದನಷ್ಟೆ.

'ಹಾಗಾದರೆ ಮೋಸ ಮಾಡಿದ್ದು ನಿಜ!' ಅವಳು ಫೋಟೋ ಎತ್ತಿಕೊಂಡು, ಅಳುತ್ತಾ ಹೊರಟುಹೋದಳು.

ನಾಲ್ಕು ತಿಂಗಳು ಕಳೆದವು. ಶನಿವಾರಗಳು ಅವಳನ್ನು ಹಿಂಡುತ್ತಿದ್ದವು. ಅಪ್ಪನ ಜೊತೆ ಅವನನ್ನೂ ಕಳೆದುಕೊಂಡ ದುಃಖ ಅದು ಎಂದು ಒಪ್ಪಲು ಮನಸ್ಸಿರಲಿಲ್ಲ.

ಒಂದು ದಿನ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿ ಅಂಥದೇ ಲೆನ್ಸ್ ಕಂಡಿತು.

"ಇದಾ? ಹೊಸಬರಿಗೆ ಮಬ್ಬು ಬೆಳಕಲ್ಲಿ ಇದಕ್ಕಿಂತ ಅಗ್ಗದ ಒಳ್ಳೇ ಲೆನ್ಸ್ ಎಲ್ಲಿ ಸಿಗುತ್ತಮ್ಮಾ? ಆದ್ರೆ 1.8ರಲ್ಲಿ ತೀರಾ ಹತ್ರ ಹೋದ್ರೆ ಎರಡು ಬೆರಳಷ್ಟು ಆಳ ಮಾತ್ರ ಸ್ಪಷ್ಟ ಬರೋದು, ಅದರ ಹಿಂದಿರೋದೆಲ್ಲ ಮಸುಕು. ಫೋಕಸ್ ಕಣ್ಣಿನ ಮೇಲೇ ಇರ್ಬೇಕು."

ಸ್ಕೂಲ್ ಬಿಟ್ಟಿದ್ದೇ ಅವಳು ಆ ಅಂಗಡಿಗೆ ಓಡಿದಳು.

ಅಂಗಡಿಯ ಪ್ರತಿ ಲೆನ್ಸಿಗೂ ದಾರದಲ್ಲಿ ಒಂದೊಂದು ಚೀಟಿ ಕಟ್ಟಿತ್ತು. ಎಲ್ಲದರಲ್ಲೂ ಅವನದೇ ಕೈಬರಹ: 'ಹತ್ತಿರದಿಂದ ತೆಗೆಯುವಾಗ ಫೋಕಸ್ ಕಣ್ಣಿನ ಮೇಲೆ ಇಡಿ. ನಂಬರ್ ಸ್ವಲ್ಪ ಏರಿಸಿ.'

"ಇದೆಲ್ಲ ಯಾವಾಗಿಂದ?"

ಅವನು ತಲೆಯೆತ್ತಿದ. ಮುಖದ ತುಂಬ ಗಡ್ಡ. "ನೀವು ಹೋದ ಮಾರನೇ ದಿನದಿಂದ. ಹತ್ರ ಹೋಗಿ ಅಂದೆ, ಇದನ್ನ ಹೇಳೋದು ಮರೆತೆ. ನಿಮ್ಮಪ್ಪನ ನಗು ನನ್ನಿಂದ ಹೋಯ್ತು..."

"ಅವತ್ತೇ ಬಿಡಿಸಿ ಹೇಳ್ಬಾರದಿತ್ತಾ? ನಾನು ಮೋಸ ಅಂದ್ಕೊಂಡೆ."

"ಹೇಳಿದ್ರೆ ಮುಖ ವಾಪಸ್ ಬರ್ತಿತ್ತಾ?"

ಅವಳ ಕಣ್ಣು ತುಂಬಿತು. "ಬರಲ್ಲ. ಆದ್ರೆ ಝೂಮ್ ಕೊಟ್ಟಿದ್ರೆ ನಾನು ಬಾಗಿಲಲ್ಲೇ ನಿಂತಿರ್ತಿದ್ದೆ. ಆ ನಗುನ ಹತ್ರ ಕೂತು ಕಣ್ಣಾರೆ ನೋಡಿದ್ದು ನಿಮ್ಮಿಂದ. ನಂಗೆ ನೀವು ಬೇಕು ಕಣ್ರೀ... ನನ್ನ ಲೆನ್ಸ್ ಎಲ್ಲಿ? ಮಾರಿಬಿಟ್ರಾ?"

ಅವನು ಮೇಜಿನ ಒಳಗಿಂದ ಅದನ್ನು ತೆಗೆದುಕೊಟ್ಟ. "ಇದೊಂದನ್ನ ಯಾರಿಗೂ ಕೊಡಲ್ಲ."

ಅವಳು ಲೆನ್ಸನ್ನು ಮೇಜಿನ ಮೇಲಿದ್ದ ಕ್ಯಾಮೆರಾಗೆ ಹಾಕಿ, ನಂಬರ್ ಏರಿಸಿ, ಅವನ ಒದ್ದೆ ಕಣ್ಣಿಗೇ ಗುರಿಯಿಟ್ಟಳು. ಅವನು ಮುಖ ಬಿಗಿ ಹಿಡಿದ.

"ನನಗೂ ನಿಮ್ಮಪ್ಪನ ಥರಾನೇ... ಕ್ಯಾಮೆರಾ ಕಂಡ್ರೆ ನಗೋಕಾಗಲ್ಲ."

"ಪರವಾಗಿಲ್ಲ. ದಿನಾ ಬಂದು ಪಕ್ಕದಲ್ಲೇ ಕೂತ್ಕೋತೀನಿ."

"ದಿನಾ? ಶನಿವಾರ ಮಾತ್ರ ಅಲ್ವಾ?"

"ದಿನಾ. ಗಡ್ಡಾನೂ ದಿನಾ ಬೋಳಿಸ್ಬೇಕು."