ಹೆಸರಿಗೆ ಮುಂಚಿನ ಉಸಿರು

"ಏಯ್ ನೀಲಿ ಟೋಪಿ! ನನ್ನನ್ನ ಬೈತಿದೀಯಾ?"

ಪಂದ್ಯ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಒಂಬತ್ತನೇ ನಂಬರಿನ ಆಟಗಾರ್ತಿ ಮೈದಾನದಂಚಿನ ಕಂಬಿಗೆ ಮೊಣಕೈ ಊರಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಬೆವರಿದ ಹಣೆಗೆ ಒಂದೆಳೆ ಕೂದಲು ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಅಂಟಿಕೊಂಡಿತ್ತು. ಅವಳ ಹಿಂದೆ ಆಮರ್ಸ್‌ಫೋರ್ಟ್ ಎಂಬ ಡಚ್ ಊರಿನ ಬೂದು ಆಕಾಶ. ನನ್ನ ಹಿಂದೆ ಸಾಲು ಸಾಲು ಖಾಲಿ ಕುರ್ಚಿ.

"ಬೈತಿಲ್ಲ. ಕಾಮೆಂಟರಿ ಹೇಳ್ತಿದ್ದೆ. ಕನ್ನಡದಲ್ಲಿ."

"ಯಾರಿಗೆ?"

ತೊಂದರೆಯ ಪ್ರಶ್ನೆ ಅದೇ.

ನನ್ನ ಹೆಸರು ಚಿರಂತನ. ಪರ್ಮಿಟ್ಟು ಮಾತ್ರ ತಾತ್ಕಾಲಿಕ. ಮೈಸೂರಿನವನು. ಆಫೀಸಿನಲ್ಲಿ ವಾರವಿಡೀ ಇಂಗ್ಲಿಷು, ಅಂಗಡಿಯಲ್ಲಿ ಅರೆಬೆಂದ ಡಚ್ಚು. ಶನಿವಾರ ಬರುವಷ್ಟರಲ್ಲಿ ಬಾಯಲ್ಲಿ ಕನ್ನಡ ಹಳಸಲು ಶುರುವಾಗುತ್ತಿತ್ತು. ಅದಕ್ಕೇ ಮನೆ ಹತ್ತಿರದ ಈ ಮೈದಾನಕ್ಕೆ ಬಂದು, ಮೂಲೆಯ ಕುರ್ಚಿ ಹಿಡಿದು, ಹಳೆಯ ರೇಡಿಯೊ ಕಾಮೆಂಟೇಟರುಗಳ ಗಂಟಲನ್ನು ಕಡ ತಂದು ಈ ಹೆಣ್ಣುಮಕ್ಕಳ ಫುಟ್‌ಬಾಲನ್ನು ಫೋನಿಗೆ ವರ್ಣಿಸುತ್ತಿದ್ದೆ. ರೆಕಾರ್ಡಿಂಗ್ ಹೋಗುತ್ತಿದ್ದುದು ಬೆಸ್ಟ್ ಫ್ರೆಂಡ್ ಶ್ರೀಕರನಿಗೆ. ಇದೇ ದೇಶದಲ್ಲಿ ಅವನಿರುವ ಊರಿನ ಹೆಸರೂ ಬೆಸ್ಟ್.

"ನನ್ನ ಹೆಸರು ನಾಲ್ಕು ಸಲ ಕೇಳಿಸ್ತು," ಎಂದಳು.

"ನೀನು ನಾಲ್ಕು ಗೋಲು ಮಿಸ್ ಮಾಡಿದೆ."

ಅವಳ ಕಣ್ಣು ಕಿರಿದಾಯಿತು. ಮೊದಲು ತುಟಿಯ ಎಡತುದಿ ಸೋತಿತು, ಆಮೇಲೆ ಬಲತುದಿ.

"ಮೂರು. ನಾಲ್ಕನೇದು ಗಾಳಿ ತಪ್ಪು." ಹೊರಟವಳು ತಿರುಗಿ ನೋಡಿದಳು. "ಆ ರೆಕಾರ್ಡಿಂಗ್ ನನಗೂ ಕಳಿಸು."

ಹೀಗೆ ಗ್ರಾಸಿಂದಾ ಸಿಕ್ಕಿದಳು. ಪೋರ್ಚುಗಲ್ಲಿನ ಸೆತೂಬಲ್ ಎಂಬ ಬಂದರಿನವಳು. ತಂದೆ ಅಲ್ಲಿ ಫೆರ್ರಿ ದೋಣಿ ನಡೆಸುತ್ತಾರೆ. ಚಿಕ್ಕವಳಿದ್ದಾಗ ಗಂಡುಮಕ್ಕಳ ತಂಡದಲ್ಲಿ ಅವಳೊಬ್ಬಳೇ ಹುಡುಗಿ. ಬಟ್ಟೆ ಬದಲಿಸಲು ಪೊರಕೆ ಇಡುವ ಕೋಣೆ. ಆಮೇಲೆ ಸ್ಪೇನ್, ಇಟಲಿ, ನಾರ್ವೆ, ಈಗ ಇಲ್ಲಿ. ನಮ್ಮಿಬ್ಬರ ನಡುವಿನ ಭಾಷೆ ಇಂಗ್ಲಿಷು. ಅವಳದಕ್ಕೆ ಸಮುದ್ರದ ಉಪ್ಪು, ನನ್ನದಕ್ಕೆ ಮೈಸೂರಿನ ತುಪ್ಪ.

"ಹೋದ ದೇಶದಲ್ಲೆಲ್ಲ ಮೊದಲು ಮೂರು ಮಾತು ಕಲಿಸ್ತಾರೆ," ಎಂದಳೊಮ್ಮೆ, ಪಂದ್ಯದ ನಂತರ ಕ್ಯಾಂಟೀನಿನಲ್ಲಿ. "ಎಡಕ್ಕೆ. ಬಲಕ್ಕೆ. ನಿನ್ನ ಹಿಂದೆ ಯಾರೋ ಇದಾರೆ. 'ಹಿಂದೆ ಯಾರೂ ಇಲ್ಲ' ಅನ್ನೋದನ್ನ ಮಾತ್ರ ಕಲಿಸಲ್ಲ. ಅದು ರೂಮಿಗೆ ಹೋದ ಮೇಲೆ ತಾನಾಗೇ ಗೊತ್ತಾಗುತ್ತೆ."

ನಾನು ತಕ್ಷಣ ರೈಲ್ವೆ ಅನೌನ್ಸರಮ್ಮನ ಧ್ವನಿಗೆ ಜಾರಿಕೊಂಡೆ. ಅದು ಮುಗಿದರೆ ಅವಳ ಕೋಚು, ಆಮೇಲೆ ನಮ್ಮ ಮ್ಯಾನೇಜರ್. ಅವಳು ಮೂಗು ಸುಕ್ಕಾಗುವಷ್ಟು ನಕ್ಕಳು. ಗ್ರಾಸ್ ಮೇಲೆ ಆಡುವವಳು ಗ್ರಾಸಿಂದಾ ಎಂದಾಗ ಮಾತ್ರ ಸಕ್ಕರೆ ಪೊಟ್ಟಣ ನೇರ ನನ್ನ ಹಣೆಗೆ ಬಂತು. ಆ ದಿನ ಅವಳ ಗುರಿ ತಪ್ಪದ ಏಕೈಕ ಶಾಟ್.

"ಫಾರ್ವರ್ಡ್ ಕೆಲಸ ಏನು ಗೊತ್ತಾ?" ಕೇಳಿದಳು. "ಓಡೋದು. ಹತ್ತು ಸಲ ಓಡಿದರೆ ಒಂಬತ್ತು ಸಲ ಪಾಸ್ ಬರಲ್ಲ. ಸುಮ್ನೆ ಒಬ್ಬಳೇ ವಾಪಸ್ ನಡ್ಕೊಂಡು ಬರ್ತೀವಿ. ಆದ್ರೂ ಹತ್ತನೇ ಸಲ ಓಡಬೇಕು. ಪಾಸ್ ಬಂದಾಗ ನಾವು ಅಲ್ಲಿರಬೇಕು, ಅಷ್ಟೇ."

ಅವಳ ನೋಟ ನನ್ನ ಮೇಲಿತ್ತು. ನನ್ನ ನೋಟ ಪೇಪರ್ ಕಪ್ಪಿನ ಮೇಲೆ.

ಶ್ರೀಕರ ಫೋನ್ ಮಾಡಿದ. "ಲೋ, ಮಿಕ್ಕವರ ಹೆಸರನ್ನ ಅಟೆಂಡೆನ್ಸ್ ಥರ ಕೂಗ್ತೀಯ. ಅವಳ ಹೆಸರು ಬಂದ್ರೆ ಲಗ್ನಪತ್ರಿಕೆ ಓದ್ದಂಗಿರುತ್ತೆ. ಹೇಳಿದೀಯಾ ಅವಳಿಗೆ?"

"ಯಾರ ಧ್ವನೀಲಿ ಹೇಳ್ಲಿ?"

"ನಿಂದ್ರಲ್ಲೇ ಹೇಳೋ ಮಾರಾಯಾ!"

"ಅದು ಪ್ರಾಕ್ಟೀಸ್ ಇಲ್ಲ ಕಣೋ."

ಮಾರ್ಚಿನಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಅಲ್ಲಿಂದಾಚೆ ಪ್ರತಿ ಶನಿವಾರ ಕಂಬಳಿ ಹೊದ್ದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ನಾನು ಚೆಂಡನ್ನು ಬಿಟ್ಟು ಬೆಂಚಿಗೇ ಕಾಮೆಂಟರಿ ಹೇಳತೊಡಗಿದೆ. "ಇದೀಗ ಗ್ರಾಸಿಂದಾ ನೀರಿನ ಬಾಟಲಿಯತ್ತ ಸಾಗಿದ್ದಾರೆ... ಮುಚ್ಚಳ ತೆರೆದಿದೆ... ಗುಟುಕು! ಆಹಾ, ಎಂಥಾ ಗುಟುಕು ಕೇಳುಗರೇ!"

ನನಗೆ ಬೆನ್ನು ಮಾಡಿ ಕೂತವಳ ಭುಜ ನಗುವಿಗೆ ಕುಲುಕಿತು. ನಗು ನಿಲ್ಲಬೇಕಾದ ಹೊತ್ತು ದಾಟಿದರೂ ಕುಲುಕುತ್ತಲೇ ಇತ್ತು. ನಾನು ಫೋನ್ ಕೆಳಗಿಟ್ಟೆ.

ಮೇ ತಿಂಗಳ ಕೊನೆಯ ಪಂದ್ಯ ಮುಗಿದಾಗ ಅವಳು ಕುಂಟುತ್ತ ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಸೀಸನ್ನಿಡೀ ಖಾಲಿಯಿದ್ದ ಕುರ್ಚಿ.

"ಕಾಂಟ್ರ್ಯಾಕ್ಟ್ ಮುಗೀತು. ನಾಳೆ ಹೋಗ್ತಿದೀನಿ. ನಮ್ಮೂರಲ್ಲಿ ಹುಡುಗೀರ ತಂಡ ಕಟ್ತಾರಂತೆ, ಕೋಚ್ ಬೇಕಂತೆ."

"ಪ್ರಯಾಣಿಕರ ಗಮನಕ್ಕೆ," ಅನೌನ್ಸರಮ್ಮನ ಗಂಟಲು ತಾನಾಗೇ ಬಂತು. "ಸೆತೂಬಲ್ ಕಡೆ ಹೋಗುವ ಗಾಡಿ ಅನಿರ್ದಿಷ್ಟ ಕಾಲ ತಡವಾಗಿ..."

ಅವಳು ನಗಲಿಲ್ಲ. "ಇವತ್ತು ನಾನು ಒಬ್ಬರ ಮಿಮಿಕ್ರಿ ಮಾಡ್ತೀನಿ. ಯಾರು ಅಂತ ಹೇಳು."

ಕಣ್ಣು ಮುಚ್ಚಿದಳು. ಅವಳ ಬಾಯಿಂದ ಬಂದದ್ದು ಪದಗಳಿಲ್ಲದ ಕನ್ನಡ. ಏರು, ಇಳಿತ, ಓಟ. ತಡಡ ತಡಡ... ಯಾನೆಕೆ... ತಡಡ ತಡಡ... ಲೋತ್ತೆ... ಎಂದು ಜೊತೆಗಾರ್ತಿಯರ ಹೆಸರುಗಳು ಪಟಪಟನೆ ಉದುರಿದವು. ಆಮೇಲೆ ಎಲ್ಲ ನಿಂತಿತು. ತಣ್ಣೀರಿಗೆ ಕಾಲಿಡುವ ಮುಂಚೆ ಎಳೆದುಕೊಳ್ಳುತ್ತೇವಲ್ಲ, ಅಂಥದೊಂದು ಪುಟ್ಟ ಉಸಿರು. ಅದಾದ ಮೇಲೆ, ಮೆತ್ತಗೆ, "ಗ್ರಾಸಿಂದಾ."

ಊರವರ ಧ್ವನಿಯೆಲ್ಲ ತೆಗೆಯುವ ನಾನು, ನನ್ನದನ್ನು ಕೇಳಿದ್ದು ಅದೇ ಮೊದಲು.

"ಅಷ್ಟೂ ಮ್ಯಾಚ್ ಕೇಳಿದೀನಿ," ಎಂದಳು. "ಬಸ್ಸಲ್ಲಿ, ಫಿಸಿಯೋ ಟೇಬಲ್ ಮೇಲೆ. ನಮ್ಮಪ್ಪ ಫೆರ್ರಿ ಬಿಟ್ಟು ಒಂದು ಮ್ಯಾಚಿಗೂ ಬರೋಕಾಗಲಿಲ್ಲ. ನನ್ನ ಆಟಾನ ಪೂರ್ತಿ ನೋಡಿದವನು ನೀನೊಬ್ಬನೇ. ಒಂದು ಪದಾನೂ ಅರ್ಥ ಆಗಿಲ್ಲ. ಆದ್ರೆ ನನ್ನ ಹೆಸರಿಗೆ ಮುಂಚೆ ಪ್ರತಿ ಸಲ ಈ ಉಸಿರು. ಅದರಲ್ಲಿ ಏನಿದೆ?"

ನಾನು ಮ್ಯಾನೇಜರನ ಧ್ವನಿಗೆ ಗಂಟಲು ಸರಿಮಾಡಿಕೊಂಡೆ. ಅವಳು ಬೆರಳೆತ್ತಿದಳು.

"ಊಹ್ಞೂಂ. ಅವರ‍್ಯಾರೂ ಬೇಡ."

"ನೀನಂದ್ರೆ ನಂಗೆ ತುಂಬಾ ಇಷ್ಟ," ಎಂದೆ, ಕನ್ನಡದಲ್ಲೇ. ಧ್ವನಿ ನಡುವೆ ಒಡೆಯಿತು. ಜೀವಮಾನದ ಅತ್ಯಂತ ಕಳಪೆ ಪ್ರದರ್ಶನ.

ಅವಳು ಅರ್ಥ ಕೇಳಲಿಲ್ಲ. ಕೆಳಗೆ ಗೋಲಿನ ಬಲೆ ಬಿಚ್ಚುತ್ತಿದ್ದವರನ್ನು ನೋಡುತ್ತಿದ್ದಳು.

"ತುಂಬಾ ಲೇಟಾಗಿ ಓಡಿದೆ, ಶಿರಂತನ." ಅವಳ ನಾಲಿಗೆಗೆ 'ಚಿ' ಎಂದೂ ದಕ್ಕಲಿಲ್ಲ. ನನ್ನ ನೀಲಿ ಟೋಪಿಯನ್ನು ತೆಗೆದು ತನ್ನ ತಲೆಗಿಟ್ಟುಕೊಂಡಳು. "ನಮ್ಮೂರಲ್ಲಿ ಬಿಸಿಲು ಜಾಸ್ತಿ."

ಅಷ್ಟೇ. ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಸೆಪ್ಟೆಂಬರಿನಲ್ಲಿ ಹೊಸ ಸೀಸನ್ನು, ಹೊಸ ಒಂಬತ್ತನೇ ನಂಬರು. ನಾನು ಅದೇ ಮೂಲೆಯಲ್ಲಿ ಬರಿತಲೆಯಲ್ಲಿ ಕೂತಿದ್ದೆ. ಎಲ್ಲರ ಹೆಸರೂ ಅಟೆಂಡೆನ್ಸ್ ಆಗಿತ್ತು. ಹಾಫ್‌ಟೈಮಿಗೆ ಫೋನು ಮಿಡಿಯಿತು. ಮೂರು ತಿಂಗಳಲ್ಲಿ ಅವಳಿಂದ ಬಂದ ಮೊದಲ ವಾಯ್ಸ್ ಮೆಸೇಜ್.

ಗಾಳಿ, ಸೀಟಿ, ಪುಟ್ಟ ಹುಡುಗಿಯರ ಕಿರುಚಾಟ. ಅದರ ಮೇಲೆ ಅವಳ ಧ್ವನಿ, ಪೋರ್ಚುಗೀಸಿನಲ್ಲಿ ಕಾಮೆಂಟರಿ! ಒಂದು ಪದವೂ ಅರ್ಥವಾಗಲಿಲ್ಲ. ಹೆಸರುಗಳು ಪಟಪಟನೆ ಉದುರಿದವು. ಆಮೇಲೆ ಎಲ್ಲ ನಿಂತಿತು. ಒಂದು ಪುಟ್ಟ ಉಸಿರು.

"ಶಿರಂತನ."

ಚೆಂಡು ನನ್ನತ್ತ ಹೊರಟಿದೆಯೆಂಬಂತೆ ಆ ಧ್ವನಿ ಮೇಲಕ್ಕೇರಿ, ಅಲ್ಲೇ ಕಾದು, ಮುಗಿಯಿತು.

ನಾನು ಎದ್ದು ನಿಂತೆ. ಶ್ರೀಕರನಿಗೆ ಫೋನ್ ಮಾಡಿದೆ. "ಲೋ, ಸೆತೂಬಲ್‌ಗೆ ಹೆಂಗೆ ಹೋಗೋದು?"

ಅವನು ಇನ್ನೊಮ್ಮೆ ಹೇಳಿಸಿದ. "ಯಾರ ಮಿಮಿಕ್ರಿನೋ ಇದು? ಗೊತ್ತಾಗ್ತಿಲ್ವಲ್ಲ."

"ಯಾರದ್ದೂ ಅಲ್ಲ ಕಣೋ," ಎಂದೆ. "ನಂದೇ."